ಒಂದೇ ದೀಪ, ಹಲವು ಹವಳ: ಬೆಳಕು ಹಂಚೋದನ್ನ ಅಡಿಕೆ ತೋಟ ಕಲಿಸಿದ್ದು

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದಲು ಅನುಕೂಲವಾಗಲಿ ಎಂದು ಅಲ್ಲಲ್ಲಿ ತುಸು ತಿದ್ದಲಾಗಿದೆ.)



ಇವತ್ತು ಒಂದು ತಪ್ಪನ್ನು ಒಪ್ಪಿಕೊಂಡೇ ಶುರು ಮಾಡ್ತೀನಿ. ಒಂದು ಸಂಜೆ ಸೋಫಾ ಮೇಲೆ ಕೂತು, ಫೋನಿನ ಆ್ಯಪ್‌ನಲ್ಲಿ ಒಂದು ಗೆರೆಯನ್ನು ಬೆರಳಿಂದ 45ರಿಂದ 80ಕ್ಕೆ ಎಳೆದೆ. ಅಷ್ಟೇ ಮಾಡಿದ್ದು. ಹತ್ತು ದಿನದಲ್ಲಿ, ಎರಡು ವರ್ಷ ಸಾಕಿದ ಒಂದು ಹವಳ ಸತ್ತುಹೋಯ್ತು. ಆ ಗೆರೆ ನನ್ನ ಅಕ್ವೇರಿಯಂ ದೀಪದ್ದು.

ನಾನು ಶಿರಸಿ ತಾಲ್ಲೂಕಿನವನು. ಸಿದ್ದಾಪುರ ರಸ್ತೆಯಲ್ಲಿ ನಮ್ಮೂರು. ಕೆಲಸಕ್ಕೆ ಅಂತ ಆರು ವರ್ಷ ಅಮೆರಿಕದ ಟೆಕ್ಸಾಸ್‌ನಲ್ಲಿದ್ದೆ, ಈಗ ಊರಿಗೆ ವಾಪಸ್ ಬಂದಿದ್ದೀನಿ. ಅಲ್ಲಿದ್ದಾಗ ಹಿಡಿದ ಹುಚ್ಚು ಈ ರೀಫ್ ಟ್ಯಾಂಕ್. ಉಪ್ಪುನೀರಿನ ತೊಟ್ಟಿಯಲ್ಲಿ ಜೀವಂತ ಹವಳ ಬೆಳೆಸೋದು. ನನ್ನದು 40 ಗ್ಯಾಲನ್, ಅಂದ್ರೆ ಸುಮಾರು 150 ಲೀಟರ್. ಅದರಲ್ಲಿ ಬೇರೆ ಬೇರೆ ಜಾತಿಯ ಹವಳಗಳು ಒಟ್ಟಿಗಿದ್ದವು. ಇದಕ್ಕೆ ಮಿಕ್ಸೆಡ್ ರೀಫ್ ಅಂತಾರೆ. ಕಷ್ಟ ಇರೋದೂ ಅಲ್ಲೇ. ಮೇಲಿರೋದು ಒಂದೇ ದೀಪ, ಕೆಳಗಿರೋ ಪ್ರತಿಯೊಬ್ಬರಿಗೂ ಬೇಕಾದ ಬೆಳಕು ಬೇರೆ.

ಈ ಲೆಕ್ಕ ನನಗೆ ಅರ್ಥ ಆಗಿದ್ದು ಯಾವ ವಿಡಿಯೋದಿಂದಲೂ ಅಲ್ಲ. ಊರಲ್ಲಿ ಕೂತಿದ್ದ ಅಪ್ಪ ಕೇಳಿದ ಒಂದು ಪ್ರಶ್ನೆಯಿಂದ. ಅದನ್ನೇ ಇವತ್ತು ಹೇಳ್ತೀನಿ. ಮನೇಲಿ ಅಕ್ವೇರಿಯಂ ಇಲ್ಲದವರೂ ಕೇಳಿ. ತೋಟ ಇದ್ದವರಂತೂ ಕೇಳಲೇಬೇಕು.

ಹವಳಕ್ಕೆ ಬೆಳಕು ಯಾಕೆ?

ಮೊದಲು ಒಂದು ಮಾತು. ಹವಳ ಗಿಡ ಅಲ್ಲ, ಕಲ್ಲೂ ಅಲ್ಲ. ಅದು ಪ್ರಾಣಿ. ಪಾಲಿಪ್ ಅನ್ನೋ ಪುಟ್ಟ ಪುಟ್ಟ ಪ್ರಾಣಿಗಳು ಗುಂಪಾಗಿ ಬದುಕ್ತವೆ. ಪ್ರತಿಯೊಂದಕ್ಕೂ ಬಾಯಿ ಇದೆ, ಸುತ್ತ ಎಳೆಎಳೆ ಕೈಗಳಿವೆ. ಕಲ್ಲು ಹವಳಗಳು ಸುಣ್ಣದ ಗೂಡು ಕಟ್ಟಿಕೊಳ್ತವೆ. ನಾವು ನೋಡಿ ಕಲ್ಲು ಅಂದ್ಕೊಳ್ಳೋದು ಆ ಗೂಡನ್ನು.

ಈ ಪಾಲಿಪ್‌ಗಳ ಮೈಯೊಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಪಾಚಿ ಬಾಡಿಗೆಗೆ ಇರುತ್ತೆ. ಅದರ ಹೆಸರು ಜೂಕ್ಸಾಂಥೆಲ್ಲೆ. ಬೆಳಕು ಬಿದ್ದರೆ ಅದು ಸಕ್ಕರೆ ತಯಾರಿಸುತ್ತೆ, ಬಾಡಿಗೆಯಾಗಿ ಹವಳಕ್ಕೆ ಕೊಡುತ್ತೆ. ಬಿಸಿಲು ಬೀಳೋ ತಿಳಿನೀರಲ್ಲಿ ಬೆಳೆಯೋ ಹವಳಕ್ಕೆ ಬೇಕಾದ ಶಕ್ತಿಯಲ್ಲಿ ಬಹುಪಾಲು, ಕೆಲವಕ್ಕೆ ನೂರಕ್ಕೆ ತೊಂಬತ್ತರಷ್ಟೂ, ಹೀಗೇ ಬರುತ್ತೆ.

ಬೆಳಕು ಕಡಿಮೆ ಆದ್ರೆ ಹವಳಕ್ಕೆ ಊಟ ಕಡಿಮೆ. ಆಗ ಅದು ಇನ್ನಷ್ಟು ಪಾಚಿ ಇಟ್ಟುಕೊಳ್ಳುತ್ತೆ. ಪಾಚಿಯ ಬಣ್ಣ ಕಂದು, ಹಾಗಾಗಿ ನೀಲಿ, ಹಸಿರು ಇದ್ದ ಹವಳವೂ ಕಂದಾಗುತ್ತೆ. ಬೆಳಕು ಜಾಸ್ತಿ ಆದ್ರೂ ಒಳ್ಳೇದೇನಲ್ಲ. ಪಾಚಿ ತನ್ನಿಂದಾಗೋದಕ್ಕಿಂತ ಹೆಚ್ಚು ಬೆಳಕು ಹೀರಿದರೆ, ಹವಳದ ಜೀವಕೋಶ ಸುಡುವಂಥ ಆಮ್ಲಜನಕದ ರೂಪಗಳು ಹುಟ್ಟುತ್ತವೆ. ಆಗ ಹವಳ ಬಾಡಿಗೆದಾರನನ್ನೇ ಹೊರಗೆ ಹಾಕುತ್ತೆ. ಬಣ್ಣ ಹೋಗಿ, ಒಳಗಿನ ಬಿಳಿ ಸುಣ್ಣ ಕಾಣುತ್ತೆ. ಇದನ್ನೇ ಬಿಳಿಚಿಕೊಳ್ಳೋದು, ಬ್ಲೀಚಿಂಗ್ ಅನ್ನೋದು. ಬಿಳಿಚಿದ ತಕ್ಷಣ ಹವಳ ಸತ್ತಿದೆ ಅಂತಲ್ಲ. ಆದ್ರೆ ಅದು ಉಪವಾಸ ಬಿದ್ದಿದೆ. ಪಾಚಿ ಬೇಗ ವಾಪಸ್ ಬರದಿದ್ರೆ ಸಾಯುತ್ತೆ.

ಇಲ್ಲೊಂದು ವಿಷಯ ಗಮನಿಸಿ. ಕಡಿಮೆ ಬೆಳಕು ಹವಳವನ್ನು ನಿಧಾನಕ್ಕೆ ಸೊರಗಿಸುತ್ತೆ, ವಾರಗಟ್ಟಲೆ. ಹೆಚ್ಚಿನ ಬೆಳಕು ಕೆಲವೇ ದಿನದಲ್ಲಿ ಸುಡುತ್ತೆ. ಎರಡೂ ತಪ್ಪೇ, ಆದ್ರೆ ಒಂದನ್ನು ತಿದ್ದಿಕೊಳ್ಳೋಕೆ ಸಮಯ ಸಿಗುತ್ತೆ, ಇನ್ನೊಂದಕ್ಕೆ ಸಿಗಲ್ಲ.

ಆ ಸಂಜೆ ನಾನು ಮಾಡಿದ್ದು

ನನ್ನ ಟ್ಯಾಂಕ್‌ನಲ್ಲಿ ಮೂರು ತರದ ಹವಳ ಇದ್ದವು. ತಳದಲ್ಲಿ ಮರಳ ಹತ್ತಿರ ಮಶ್ರೂಮ್ ಕೋರಲ್. ನಮ್ಮ ಬೆಟ್ಟದಲ್ಲಿ ಮಳೆಗಾಲಕ್ಕೆ ಕೊಳೆತ ದಿಮ್ಮಿ ಮೇಲೆ ಅಣಬೆ ಏಳುತ್ತಲ್ಲ, ಹಾಗೆ ಚಪ್ಪಟೆ, ಮೆತ್ತಗೆ. ಇದಕ್ಕೆ ಕಲ್ಲಿನ ಗೂಡಿಲ್ಲ. ಮಧ್ಯದಲ್ಲಿ ಹ್ಯಾಮರ್ ಕೋರಲ್. ದಪ್ಪ ದಪ್ಪ ಕೈಗಳು, ಅವುಗಳ ತುದಿ ಸುತ್ತಿಗೆ ಆಕಾರ, ನೀರು ಹರಿದ ಕಡೆ ಓಲಾಡ್ತಾ ಇರುತ್ತೆ. ಹವ್ಯಾಸಿಗಳು ಈ ದೊಡ್ಡ ಪಾಲಿಪ್‌ನ ಕಲ್ಲು ಹವಳಗಳನ್ನು ಎಲ್‌ಪಿಎಸ್ ಅಂತಾರೆ. ಎಲ್ಲಕ್ಕಿಂತ ಮೇಲೆ, ಕಲ್ಲಿನ ತುದಿಯಲ್ಲಿ ಅಕ್ರೋಪೊರಾ. ಜಿಂಕೆ ಕೊಂಬಿನ ತರ ಕವಲು ಒಡೆಯುವ, ಸಣ್ಣ ಪಾಲಿಪ್‌ನ ಹವಳ. ಇಂಥವಕ್ಕೆ ಎಸ್‌ಪಿಎಸ್ ಅನ್ನೋ ಹೆಸರು.

ಅಕ್ರೋಪೊರಾ ತಂದಿದ್ದು ಕೊನೆಯಲ್ಲಿ. ದುಬಾರಿ ತುಂಡು. ತರುವಾಗ ನೀಲಿ ಇತ್ತು, ಒಂದು ತಿಂಗಳಲ್ಲಿ ಕಂದಾಯ್ತು. ಬೆಳಕು ಸಾಕಾಗ್ತಿಲ್ಲ ಅಂತ ನಾನೇ ತೀರ್ಮಾನ ಮಾಡಿದೆ. ದೀಪ 45 ಪರ್ಸೆಂಟ್‌ನಲ್ಲಿತ್ತು, 80 ಮಾಡಿದೆ. ತೊಟ್ಟಿ ಫಳಫಳ ಹೊಳೀತು. ಫೋಟೋ ತೆಗೆದು ಮನೆಯ ವಾಟ್ಸ್ಆ್ಯಪ್ ಗುಂಪಿಗೂ ಹಾಕಿದೆ.

ಮೂರನೇ ದಿನ ಮಶ್ರೂಮ್‌ಗಳು ಮುದುಡಿ ನಾಣ್ಯದಷ್ಟಾದವು. ಐದನೇ ದಿನ ಹ್ಯಾಮರ್ ಕೈ ಹೊರಗೆ ಚಾಚಲಿಲ್ಲ. ಎಂಟನೇ ದಿನಕ್ಕೆ ಅದರ ದೀಪದ ಕಡೆಯ ಅರ್ಧ ಬಿಳಿ. ಹತ್ತನೇ ದಿನ ಮಾಂಸ ಕಳಚಿ ನೀರಲ್ಲಿ ತೇಲ್ತಾ ಇತ್ತು. ಯಾರಿಗೋಸ್ಕರ ದೀಪ ಏರಿಸಿದ್ದೆನೋ ಆ ಅಕ್ರೋಪೊರಾನೂ ಸರಿಹೋಗಲಿಲ್ಲ, ತುದಿ ಬೆಳ್ಳಗಾಯ್ತು. ಆಮೇಲೆ ನೀರು ಪರೀಕ್ಷೆ ಮಾಡಿದರೆ ನೈಟ್ರೇಟ್ ವಿಪರೀತ. ಗೊಬ್ಬರ ಹೆಚ್ಚಾದ್ರೂ ಒಳಗಿನ ಪಾಚಿ ಹೆಚ್ಚುತ್ತೆ, ಹವಳ ಕಂದಾಗುತ್ತೆ. ಅಂದ್ರೆ ಕಾಯಿಲೆ ಒಂದು, ನಾನು ಕೊಟ್ಟ ಮದ್ದು ಇನ್ನೊಂದು.

ಅಪ್ಪನ ಪ್ರಶ್ನೆ

ಆ ಭಾನುವಾರ ಅಪ್ಪನ ವಿಡಿಯೋ ಕಾಲ್ ಬಂತು. ನನ್ನ ಮುಖ ನೋಡಿ ಏನಾಯ್ತು ಅಂದ್ರು. ಹೇಳಿದೆ. ಅವರು ಸಮುದ್ರದ ಹವಳ ಕಂಡವರಲ್ಲ, ಅಡಿಕೆ ತೋಟ ಮಾತ್ರ ಗೊತ್ತು. ಸ್ವಲ್ಪ ಹೊತ್ತು ಸುಮ್ಮನಿದ್ದು ಕೇಳಿದ್ರು:

"ತಮಾ, ಒಂದು ಗಿಡಕ್ಕೆ ಬಿಸ್ಲು ಸಾಕಾಗ್ತಿಲ್ಲೆ ಹೇಳಿ ಯಾರಾದ್ರೂ ಸೂರ್ಯನ್ನ ಕೆಳಗೆ ಎಳೀತ್ವಾ? ಗಿಡನ್ನೇ ಬೇರೆ ಕಡೆ ನೆಡದು."

ನಾನು ಏನೂ ಮಾತಾಡಲಿಲ್ಲ. ಯಾಕಂದ್ರೆ ನಾನು ಮಾಡಿದ್ದು ಅದನ್ನೇ. ಒಬ್ಬರಿಗೆ ಸಾಲದು ಅಂತ ಸೂರ್ಯನನ್ನೇ ಕೆಳಗೆ ಎಳೆದಿದ್ದೆ.

ನಮ್ಮ ಕಡೆಯ ತೋಟ ನೋಡದವರಿಗೆ ಸ್ವಲ್ಪ ಹೇಳ್ತೀನಿ. ಶಿರಸಿ, ಸಿದ್ದಾಪುರ, ಯಲ್ಲಾಪುರದಲ್ಲಿ ಅಡಿಕೆ ತೋಟ ಇರೋದು ಹೆಚ್ಚಾಗಿ ಎರಡು ಗುಡ್ಡದ ನಡುವಿನ ತಗ್ಗಿನಲ್ಲಿ. ಬೆಳಿಗ್ಗೆ ಬಿಸಿಲು ತಡವಾಗಿ ಇಳಿಯುತ್ತೆ, ಸಂಜೆ ಬೇಗ ಹೋಗುತ್ತೆ. ತೋಟದ ಸುತ್ತ ಸೊಪ್ಪಿನ ಬೆಟ್ಟ. ಒಳಗೆ ಹೋದ್ರೆ ಬೆಳೆಗಳು ಮಹಡಿ ಮಹಡಿಯಾಗಿವೆ. ಎಲ್ಲಕ್ಕಿಂತ ಮೇಲೆ ಅಡಿಕೆಯ ಸೋಗೆ. ಅದರ ಮರಕ್ಕೆ ಹಬ್ಬಿದ ಕಾಳುಮೆಣಸಿನ ಬಳ್ಳಿ. ಅದಕ್ಕಿಂತ ಕೆಳಗೆ ಬಾಳೆ, ಕೆಲವರಲ್ಲಿ ಜಾಯಿಕಾಯಿ, ಕೊಕ್ಕೊ. ತಳದಲ್ಲಿ ಏಲಕ್ಕಿ. ಮೇಲಿನ ಸೂರ್ಯ ಒಬ್ಬನೇ. ಅಡಿಕೆಯ ಸೋಗೆ ದಾಟಿ ಕೆಳಗೆ ಬರೋ ಬೆಳಕು, ದಿನದ ಹೊತ್ತಿನ ಮೇಲೆ, ಸುಮಾರು ಮೂರರಲ್ಲಿ ಒಂದು ಪಾಲಿನಿಂದ ಹೆಚ್ಚುಕಡಿಮೆ ಅರ್ಧದವರೆಗೆ. ಆ ಪಾಲನ್ನೇ ಕೆಳಗಿನವರೆಲ್ಲ ಹಂಚಿಕೊಳ್ಳಬೇಕು.

ಈಗ ನನ್ನ ತೊಟ್ಟಿಯನ್ನು ಇದರ ಪಕ್ಕ ಇಟ್ಟು ನೋಡಿ. ಅಕ್ರೋಪೊರಾ ಅಂದ್ರೆ ಅಡಿಕೆ, ತಲೆ ಬಿಸಿಲಲ್ಲೇ ಇರಬೇಕು. ಹ್ಯಾಮರ್ ಅಂದ್ರೆ ಮೆಣಸಿನ ಬಳ್ಳಿ, ಅರ್ಧ ನೆರಳು, ಅರ್ಧ ಬಿಸಿಲು. ಮಶ್ರೂಮ್ ಅಂದ್ರೆ ಏಲಕ್ಕಿ, ನೇರ ಬಿಸಿಲು ಬಿದ್ದರೆ ಎಲೆ ಸುಡುತ್ತೆ. ಇಷ್ಟು ವರ್ಷ ತೋಟದಲ್ಲಿ ಓಡಾಡಿದ ಹುಡುಗ ನಾನು, ಇದು ಹೊಳೆದೇ ಇರಲಿಲ್ಲ.

ಮೂರು ತೋಟ, ಮೂರು ಬೆಳಕು

ಊರಿಗೆ ಬಂದಮೇಲೆ ನಮ್ಮ ಮನೆ ತೋಟ ಅಷ್ಟೇ ಅಲ್ಲ, ನೆಂಟರ ತೋಟಗಳನ್ನೂ ಬೇರೆ ಕಣ್ಣಲ್ಲಿ ನೋಡೋಕೆ ಶುರು ಮಾಡಿದೆ.

ಯಲ್ಲಾಪುರದ ಹತ್ತಿರ ನಮ್ಮ ಅಜ್ಜನಮನೆ. ಅಲ್ಲಿ ತೋಟದ ಅಂಚಿನ ಮರಗಳು ವರ್ಷಗಟ್ಟಲೆ ಕೊಂಬೆ ಸವರದೆ ದಟ್ಟವಾಗಿವೆ. ಏಲಕ್ಕಿ ಎಲೆ ಹಸಿರಾಗಿ ಚೆನ್ನಾಗಿದೆ. ಮೆಣಸಿನ ಬಳ್ಳಿಯೂ ನೋಡೋಕೆ ಸೊಂಪು, ಆದ್ರೆ ಗೊಂಚಲು ಕಡಿಮೆ. ನೆರಳು ಹೆಚ್ಚಾದ್ರೆ ಮೆಣಸು ಎಲೆ ಬಿಡುತ್ತೆ, ಫಸಲು ಬಿಡಲ್ಲ. ತೊಟ್ಟಿಯಲ್ಲೂ ಹಾಗೇ. ಬೆಳಕು ಸಾಲದ ಹವಳ ಸಾಯದೇ ಇರಬಹುದು, ಆದ್ರೆ ಬೆಳೆಯಲ್ಲ, ಬಣ್ಣ ಬರಲ್ಲ.

ಸಿದ್ದಾಪುರದ ಕಡೆ ಅಕ್ಕನ ಮನೆ. ಅಲ್ಲಿ ಒಂದು ಮಳೆಗಾಲದ ಗಾಳಿಗೆ ತೋಟದ ಪಶ್ಚಿಮದ ಅಂಚಿನ ದೊಡ್ಡ ಮರ ಬಿತ್ತು. ಮಳೆಗಾಲ ಮುಗಿಯೋವರೆಗೆ ಏನೂ ಗೊತ್ತಾಗಲಿಲ್ಲ. ಬೇಸಿಗೆ ಬಂದಾಗ, ಅಲ್ಲಿವರೆಗೆ ನೆರಳಲ್ಲಿದ್ದ ಎರಡು ಸಾಲು ಅಡಿಕೆ ಮರದ ಕಾಂಡಕ್ಕೆ ಸಂಜೆಯ ಬಿಸಿಲು ನೇರ ಬಿತ್ತು. ಕಾಂಡದ ಆ ಒಂದೇ ಮಗ್ಗುಲು ಮೊದಲು ಹಳದಿ, ಆಮೇಲೆ ಕಂದು, ಕೊನೆಗೆ ಸೀಳು. ಅಡಿಕೆ ತಲೆಗೆ ಬಿಸಿಲು ಬೇಕು, ಮೈಗೆ ಬೇಡ. ಭಾವ ಉಳಿದ ಮರಗಳ ಕಾಂಡಕ್ಕೆ ಹಾಳೆ ಕಟ್ಟಿ ಕಾಪಾಡಿಕೊಂಡರು. ಈ ಕಾರಣಕ್ಕೇ ಅಡಿಕೆಯ ಉತ್ತರ–ದಕ್ಷಿಣ ಸಾಲನ್ನು 35 ಡಿಗ್ರಿ ಪಶ್ಚಿಮಕ್ಕೆ ವಾಲಿಸಿ ನೆಡಿ ಅನ್ನೋ ಶಿಫಾರಸು ಇದೆ. ಕಾಸರಗೋಡಿನ ಸಿಪಿಸಿಆರ್‌ಐ, ಅಂದ್ರೆ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯ ಸಲಹೆಗಳಲ್ಲಿ ಇದು ಸಿಗುತ್ತೆ. ಹಾಗೆ ನೆಟ್ಟರೆ ಒಂದರ ನೆರಳು ಇನ್ನೊಂದರ ಕಾಂಡದ ಮೇಲೆ ಬೀಳುತ್ತೆ.

ಅಕ್ಕನ ತೋಟದ ಆ ಸೀಳು ನೋಡ್ದಾಗ ನನಗೆ ನೆನಪಾಗಿದ್ದು ನನ್ನ ಹ್ಯಾಮರ್. ಅದೂ ದೀಪದ ಕಡೆಯ ಮಗ್ಗುಲಿಂದಲೇ ಬಿಳಿಚಿದ್ದು. ಅಡಿಕೆ ಮರ ಬಿಸಿಲಿನದ್ದೇ ಆದ್ರೂ ಸುಟ್ಟುಹೋಯ್ತು, ಯಾಕೆ? ಬೆಳಕು ಬದಲಾಗಿದ್ದು ಒಂದೇ ಸಲಕ್ಕೆ. ಹೊಂದಿಕೊಳ್ಳೋಕೆ ಅದಕ್ಕೆ ಸಮಯ ಸಿಗಲಿಲ್ಲ.

ಮೂರನೆಯದು ಶಿರಸಿಯ ನಮ್ಮದೇ ತೋಟ. ಒಂದು ಮೂಲೆಯಲ್ಲಿ ಮೆಣಸು ಬರ್ತಿಲ್ಲ ಅಂತ, ಅಂಚಿನ ಎರಡು ಮರ ಬುಡಸಮೇತ ತೆಗೆಸೋಣ ಅಂದೆ. ಮತ್ತೆ ಅದೇ ನಾನು, ಅದೇ 45ರಿಂದ 80. ಅಪ್ಪ ಬೇಡ ಅಂದ್ರು. ಮಾತು ಜೋರೂ ಆಯ್ತು. "ಇಪ್ಪತ್ತು ವರ್ಷದ ಮರ, ತಪ್ಪಾದ್ರೆ ವಾಪಸ್ ತರ್ತ್ಯ?" ಅಂದ್ರು. ಕೊನೆಗೆ ಒಂದು ಒಪ್ಪಂದಕ್ಕೆ ಬಂದ್ವಿ. ಮೊದಲು ಅಳೆಯೋದು, ಆಮೇಲೆ ಕತ್ತರಿಸೋದು.

ಕಣ್ಣನ್ನು ನಂಬಬೇಡಿ

ಬೆಳಕು ಅಳೆಯೋದು ಹೇಗೆ? ಇಲ್ಲಿ ನಮ್ಮ ಕಣ್ಣು ಮೋಸ ಮಾಡುತ್ತೆ. ಅಂಗಳದಿಂದ ತೋಟಕ್ಕೆ ಇಳಿದಾಗ ಬೆಳಕು ಹತ್ತನೇ ಒಂದಾಗಿದ್ದರೂ, ಎರಡು ನಿಮಿಷದಲ್ಲಿ ಕಣ್ಣು ಹೊಂದಿಕೊಂಡು "ಪರವಾಗಿಲ್ಲ, ಬೆಳಕಿದೆ" ಅನ್ನುತ್ತೆ. ಗಿಡಕ್ಕೆ, ಹವಳಕ್ಕೆ ಅಂಥ ಸೌಲಭ್ಯ ಇಲ್ಲ.

ಹವಳ ಸಾಕೋರು ಬಳಸೋ ಅಳತೆ ಪಾರ್. ದ್ಯುತಿಸಂಶ್ಲೇಷಣೆಗೆ ಉಪಯೋಗವಾಗೋ ಬೆಳಕು, ಅಂದ್ರೆ 400ರಿಂದ 700 ನ್ಯಾನೊಮೀಟರ್ ತರಂಗದ ಬೆಳಕು, ಒಂದು ಚದರ ಮೀಟರ್ ಜಾಗಕ್ಕೆ ಒಂದು ಸೆಕೆಂಡಿಗೆ ಎಷ್ಟು ಬೀಳುತ್ತೆ ಅನ್ನೋ ಲೆಕ್ಕ. ಮೈಕ್ರೊಮೋಲ್‌ನಲ್ಲಿ ಹೇಳ್ತಾರೆ. ನಡುಮಧ್ಯಾಹ್ನದ ಬಯಲು ಬಿಸಿಲು ಸುಮಾರು 2,000. ಹವ್ಯಾಸಿಗಳು ಸಾಮಾನ್ಯವಾಗಿ ಇಟ್ಟುಕೊಳ್ಳೋ ಅಂದಾಜು ಹೀಗಿದೆ: ಮಶ್ರೂಮ್‌ಗೆ 50ರಿಂದ 100. ಜೊಯಾಂತಿಡ್, ಲೆದರ್‌ನಂಥ ಮೆತ್ತನೆ ಹವಳಗಳಿಗೆ 75ರಿಂದ 150. ಹ್ಯಾಮರ್, ಟಾರ್ಚ್‌ನಂಥವಕ್ಕೆ 80ರಿಂದ 150. ಅಕ್ರೋಪೊರಾದಂಥವಕ್ಕೆ 200ರಿಂದ 350. ಇದು ಗೆರೆ ಎಳೆದ ನಿಯಮ ಅಲ್ಲ. ಒಂದೇ ಜಾತಿಯ ಎರಡು ತುಂಡು ಬೇರೆ ಬೇರೆ ಬೆಳಕಿಗೆ ಒಗ್ಗಿರಬಹುದು.

ಹ್ಯಾಮರ್ ಸತ್ತ ಮೇಲೆ, ಗೆಳೆಯನೊಬ್ಬನಿಂದ ಪಾರ್ ಮೀಟರ್ ಎರವಲು ತಂದು ಅಳೆದೆ. ದೀಪದ ನೇರ ಕೆಳಗೆ ಕಲ್ಲಿನ ತುದಿಯಲ್ಲಿ 420. ಹ್ಯಾಮರ್ ಇದ್ದ ಜಾಗದಲ್ಲಿ 260. ಮರಳಿನ ಮೇಲೆ 170. ಅದೇ ತೊಟ್ಟಿಯ ಮೂಲೆಯಲ್ಲಿ, ಕಲ್ಲಿನ ಚಾಚಿನ ಕೆಳಗೆ 55! ಒಂದೇ ದೀಪ, ಮೂರಡಿ ಉದ್ದದ ಒಂದೇ ತೊಟ್ಟಿ, ಅದರೊಳಗೆ ಎಂಟು ಪಟ್ಟು ವ್ಯತ್ಯಾಸ. ಮಶ್ರೂಮ್‌ಗೆ ಬೇಕಾದ ಜಾಗ ಅಲ್ಲೇ ಇತ್ತು, ನಾನು ಹುಡುಕಿರಲಿಲ್ಲ ಅಷ್ಟೇ.

ಪಾರ್ ಮೀಟರ್ ದುಬಾರಿ. ಫೋನಿನ ಲಕ್ಸ್ ಆ್ಯಪ್ ಸಾಕಾಗಲ್ವಾ? ತೋಟಕ್ಕೆ ಅಂದಾಜಿಗೆ ಸಾಕು, ತೊಟ್ಟಿಗೆ ಸಾಲದು. ಲಕ್ಸ್ ಅನ್ನೋದು ಮನುಷ್ಯನ ಕಣ್ಣಿಗೆ ಮಾಡಿದ ಅಳತೆ. ಕಣ್ಣು ಹಸಿರು ಬೆಳಕಿಗೆ ತುಂಬ ಚುರುಕು, ನೀಲಿಗೆ ಮಂದ. ರೀಫ್ ದೀಪ ಹೆಚ್ಚೂ ಕಡಿಮೆ ನೀಲಿಯೇ. ಯಾಕಂದ್ರೆ ಸಮುದ್ರದ ನೀರು ಕೆಂಪನ್ನು ಮೊದಲ ಕೆಲವು ಮೀಟರ್‌ನಲ್ಲೇ ಹೀರಿಬಿಡುತ್ತೆ, ಆಳಕ್ಕೆ ಇಳಿಯೋದು ನೀಲಿ. ಹವಳ ಒಗ್ಗಿರೋದೂ ಅದಕ್ಕೇ. ಹಾಗಾಗಿ ನೀಲಿ ದೀಪದ ಕೆಳಗೆ ಫೋನು "ಕತ್ತಲೆ" ಅಂತ ಹೇಳುವಾಗ ಹವಳ ಸುಡ್ತಾ ಇರಬಹುದು.

ಬಿಸಿಲಿಗಾದ್ರೆ ಲೆಕ್ಕ ಸುಲಭ. ಲಕ್ಸನ್ನು 54ರಿಂದ ಭಾಗಿಸಿ, ಪಾರ್ ಅಂದಾಜು ಸಿಗುತ್ತೆ. ಒಂದು ಲಕ್ಷ ಲಕ್ಸ್ ಅಂದ್ರೆ ಸುಮಾರು 1,850. ಎಲೆಗಳ ಕೆಳಗೆ ಹಸಿರು ಬೆಳಕಿನ ಪಾಲು ಹೆಚ್ಚು, ಅದಕ್ಕೆ ಅಲ್ಲಿ ಫೋನು ಸ್ವಲ್ಪ ಹೆಚ್ಚೇ ತೋರಿಸುತ್ತೆ. ಕೆಲವು ಫೋನಲ್ಲಿ ಸೆನ್ಸರ್ ಬಯಲು ಬಿಸಿಲಿಗೆ ತನ್ನ ಮಿತಿ ಮುಟ್ಟಿ ನಿಂತುಬಿಡುತ್ತೆ. ಆದ್ರೂ ಒಂದು ಜಾಗಕ್ಕೂ ಇನ್ನೊಂದು ಜಾಗಕ್ಕೂ ಹೋಲಿಸೋಕೆ ಇಷ್ಟು ಸಾಕು. ಸೆನ್ಸರ್ ಇರೋದು ಸಾಮಾನ್ಯವಾಗಿ ಸೆಲ್ಫಿ ಕ್ಯಾಮೆರಾ ಪಕ್ಕ. ಪರದೆ ಆಕಾಶ ನೋಡಬೇಕು, ನಿಮ್ಮ ತಲೆ ನೆರಳು ಅದರ ಮೇಲೆ ಬೀಳಬಾರದು.

ನಾನೂ ಅಪ್ಪನೂ ಒಂದು ದಿನ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಸಲ ತೋಟ ಸುತ್ತಿದ್ವಿ. ನಾನು ಓದಿ ಹೇಳೋದು, ಅಪ್ಪ ಹಳೆ ಕ್ಯಾಲೆಂಡರ್ ಹಿಂದೆ ಬರೆಯೋದು. ಮೆಣಸು ಬಾರದ ಮೂಲೆಗೆ ಬೆಳಿಗ್ಗೆಯ ಬೆಳಕೇ ಇಲ್ಲ ಅನ್ನೋದು ಗೊತ್ತಾಯ್ತು. ಅಡ್ಡ ಬಂದಿದ್ದು ಪೂರ್ವದ ಮರದ ಮೂರು ಕೊಂಬೆ. ನಾನು ಬುಡಸಮೇತ ತೆಗೀಬೇಕು ಅಂದಿದ್ದ ಎರಡರಲ್ಲಿ ಒಂದು ಪಶ್ಚಿಮದ್ದು. ಅದನ್ನು ಕಡಿದಿದ್ರೆ ಅಕ್ಕನ ಮನೆ ಕಥೆ ನಮ್ಮಲ್ಲೂ ಆಗ್ತಿತ್ತು. ಮಳೆಗಾಲ ಶುರುವಾಗೋ ಮುಂಚೆ ಆ ಮೂರು ಕೊಂಬೆ ಮಾತ್ರ ಸವರಿಸಿದ್ವಿ. ಮೋಡದ ತಿಂಗಳುಗಳಲ್ಲಿ ಬಳ್ಳಿ ನಿಧಾನಕ್ಕೆ ಹೊಸ ಬೆಳಕಿಗೆ ಒಗ್ಗಲಿ ಅಂತ.

ತೊಟ್ಟಿಯಲ್ಲಿ ಇದನ್ನು ಮಾಡೋದು ಹೇಗೆ?

ಹೊರದೇಶದಲ್ಲಿ ರೀಫ್ ಟ್ಯಾಂಕ್ ಇಟ್ಟಿರೋ ನಮ್ಮ ಕೇಳುಗರು ಕೆಲವರು ಇದ್ದೀರಿ. ನಿಮಗೋಸ್ಕರ ಕ್ರಮವಾಗಿ ಹೇಳ್ತೀನಿ.

ಒಂದು, ಮೊದಲು ಬೆಳಕಿನ ನಕ್ಷೆ ಮಾಡಿ, ಆಮೇಲೆ ಹವಳ ಕೂರಿಸಿ. ಮೀಟರ್ ಎರವಲು ಸಿಕ್ಕ ದಿನ ಹತ್ತು ಜಾಗ ಅಳೆದು ಬರೆದಿಟ್ಟುಕೊಳ್ಳಿ. ದೀಪದ ಸೆಟ್ಟಿಂಗ್ ಎಷ್ಟಿತ್ತು ಅನ್ನೋದನ್ನೂ ಬರೀರಿ.

ಎರಡು, ಮಧ್ಯದವರನ್ನು ನೋಡಿ ದೀಪ ಇಡಿ. ಹೆಚ್ಚು ಬೇಕಾದವರನ್ನು ದೀಪದ ಹತ್ತಿರಕ್ಕೆ ಏರಿಸಿ, ಕಡಿಮೆ ಸಾಕಾದವರನ್ನು ಅಂಚಿಗೆ, ಕಲ್ಲಿನ ನೆರಳಿಗೆ ಇಳಿಸಿ. ದೀಪವನ್ನು ಸ್ವಲ್ಪ ಎತ್ತರಕ್ಕೆ ಕಟ್ಟಿದರೆ ನಡುವಿನ ಬೆಳಕು ತಗ್ಗಿ, ಅಂಚಿಗೂ ಸಮ ಹರಡುತ್ತೆ. ತೀರ ಸಮ ಆದ್ರೂ ಕಷ್ಟ, ನೆರಳು ಬೇಕಾದವರಿಗೆ ಜಾಗ ಉಳಿಯಲ್ಲ.

ಮೂರು, ಹೊಸ ಹವಳ ತಂದರೆ ನೇರ ಮೇಲೆ ಕೂರಿಸಬೇಡಿ. ತಳದಲ್ಲಿ ಒಂದೆರಡು ವಾರ ಇಟ್ಟು, ಮೆಲ್ಲಗೆ ಮೇಲೆ ತನ್ನಿ. ಅಡಿಕೆ ಸಸಿಗೆ ಮೊದಲ ವರ್ಷಗಳಲ್ಲಿ ಬಾಳೆಯ ನೆರಳು ಕೊಡ್ತೀವಲ್ಲ, ಹಾಗೆ. ದೀಪವೇ ಬದಲಾಯಿಸಿದರೆ ಅರ್ಧಕ್ಕೆ ಇಳಿಸಿ ಶುರು ಮಾಡಿ, ವಾರಕ್ಕೆ ಐದು ಪರ್ಸೆಂಟ್‌ನಂತೆ ಏರಿಸಿ.

ನಾಲ್ಕು, ಹೊತ್ತನ್ನೂ ಲೆಕ್ಕಕ್ಕೆ ತಗೊಳ್ಳಿ. 100 ಪಾರ್ ಹತ್ತು ಗಂಟೆ ಬಿದ್ದರೂ, 200 ಪಾರ್ ಐದು ಗಂಟೆ ಬಿದ್ದರೂ ದಿನದ ಒಟ್ಟು ಒಂದೇ, 3.6 ಮೋಲ್. ಆದ್ರೆ ನೆರಳಿನ ಹವಳಕ್ಕೆ ಎರಡನೇದು ಸುಡಬಹುದು. ಹಸಿದವನಿಗೆ ಮೂರು ಹೊತ್ತಿನ ಊಟ ಒಂದೇ ಹೊತ್ತಿಗೆ ಬಡಿಸಿದಂತೆ. ದಿನಕ್ಕೆ ಎಂಟರಿಂದ ಹತ್ತು ಗಂಟೆ, ಬೆಳಿಗ್ಗೆ ನಿಧಾನ ಏರಿ ಸಂಜೆ ನಿಧಾನ ಇಳಿಯೋ ಹಾಗೆ ಇಟ್ಟುಕೊಳ್ಳಿ.

ಐದು, ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಎರಡು ವಾರ ಸುಮ್ಮನಿರಿ. ಕಂದಾಗಿದ್ದಕ್ಕೆಲ್ಲ ಬೆಳಕೇ ಕಾರಣ ಅಲ್ಲ. ಮೊದಲು ನೈಟ್ರೇಟ್, ಫಾಸ್ಫೇಟ್ ನೋಡಿ. ಅನುಮಾನ ಇದ್ದರೆ ಕಡಿಮೆ ಬೆಳಕಿನ ಕಡೆಗೇ ಇರಿ.

ಇನ್ನೊಂದು ಮಾತು, ಹ್ಯಾಮರ್, ಟಾರ್ಚ್ ಜಾತಿಯವು ರಾತ್ರಿ ಕೈ ಚಾಚಿ ಪಕ್ಕದವರನ್ನು ಕುಟುಕುತ್ತವೆ. ಬೆಳಕು ಸರಿಯಿದ್ದರೂ ಒಂದು ಗೇಣು ದೂರ ಬಿಡಿ.

"ಇಲ್ಲಿ ಕೋರಲ್ ಎಲ್ಲಿ ಸಿಗುತ್ತೆ?"

ಇದು ನನಗೆ ಅತಿ ಹೆಚ್ಚು ಬರೋ ಮೆಸೇಜ್. ರೀಲ್ಸ್ ನೋಡಿ ಆಸೆ ಆಗುತ್ತೆ, ಅರ್ಥ ಆಗುತ್ತೆ. ಆದ್ರೆ ನೇರವಾಗಿ ಹೇಳ್ತೀನಿ. ಭಾರತದಲ್ಲಿ ಕಲ್ಲು ಹವಳಗಳೆಲ್ಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಶೆಡ್ಯೂಲ್‌ನಲ್ಲಿವೆ. 2001ರಲ್ಲಿ ಸೇರಿಸಿದ್ದು. ಹುಲಿ ಇರೋದೂ ಅದೇ ಶೆಡ್ಯೂಲ್‌ನಲ್ಲಿ. ಸಮುದ್ರದಿಂದ ತೆಗೆಯೋದು, ಮಾರೋದು, ಇಟ್ಟುಕೊಳ್ಳೋದು ಅಪರಾಧ, ಮೂರರಿಂದ ಏಳು ವರ್ಷ ಜೈಲು. ಹ್ಯಾಮರ್, ಟಾರ್ಚ್, ಅಕ್ರೋಪೊರಾ ಎಲ್ಲ ಇದೇ ಗುಂಪು. "ನಾನು ತೆಗೆದಿಲ್ಲ, ಅಂಗಡಿಯಿಂದ ತಂದೆ" ಅನ್ನೋದು ರಕ್ಷಣೆ ಆಗಲ್ಲ. ಊರಿಗೆ ಬರುವಾಗ ನನ್ನ ಟ್ಯಾಂಕನ್ನು ಅಲ್ಲೇ ಗೆಳೆಯನಿಗೆ ಕೊಟ್ಟುಬಂದೆ. ಈಗ ಮನೇಲಿರೋದು ಸಿಹಿನೀರಿನ ಗಿಡಗಳ ತೊಟ್ಟಿ. ಬೆಳಕಿನ ಪಾಠ ಅಲ್ಲೂ ಇದೇ. ಅನುಬಿಯಾಸ್‌ನಂಥ ನೆರಳಿನ ಗಿಡ ಕೆಳಗೆ, ಕೆಂಪು ಎಲೆಯವು ದೀಪದ ಹತ್ತಿರ.

ಜೀವಂತ ಹವಳ ನೋಡಲೇಬೇಕು ಅಂದ್ರೆ ನಮ್ಮ ಜಿಲ್ಲೆಯಲ್ಲೇ ನೇತ್ರಾಣಿ ಇದೆ. ಮುರ್ಡೇಶ್ವರದಿಂದ ದೋಣಿಯಲ್ಲಿ ಹೋಗಿ, ಮುಳುಗಿ ನೋಡಬಹುದು. ಮುಟ್ಟಬಾರದು, ಅಷ್ಟೇ. ಅಲ್ಲಿನ ಹವಳಕ್ಕೂ ಬೆಳಕಿನದ್ದೇ ಚಿಂತೆ. ನಮ್ಮ ಮೂರು ತಾಲ್ಲೂಕಿನ ಮಳೆನೀರು ಅಘನಾಶಿನಿ, ಶರಾವತಿ, ಬೇಡ್ತಿ ಹಿಡಿದು ಇದೇ ಕರಾವಳಿಗೆ ಇಳಿಯುತ್ತೆ. ಬೇಡ್ತಿಯೇ ಕೆಳಗೆ ಗಂಗಾವಳಿ. ಬೆಟ್ಟ ಬೋಳಾದಷ್ಟೂ ಆ ನೀರು ಕೆಂಪು. ನೀರು ಕೆಂಪಾದಷ್ಟೂ ಅದು ತಲುಪುವ ಕಡೆಯ ಸಮುದ್ರದ ತಳಕ್ಕೆ ಬೆಳಕು ಕಡಿಮೆ. ಇನ್ನೊಂದು ಕಡೆ ಸಮುದ್ರ ಬಿಸಿಯಾದ್ರೆ, ಮಾಮೂಲಿ ಬೆಳಕೇ ಹವಳಕ್ಕೆ ವಿಪರೀತ ಆಗುತ್ತೆ. 2024ರ ಏಪ್ರಿಲ್‌ನಲ್ಲಿ ವಿಜ್ಞಾನಿಗಳು ನಾಲ್ಕನೇ ಜಾಗತಿಕ ಬಿಳಿಚುವಿಕೆ ನಡೀತಿದೆ ಅಂತ ಘೋಷಿಸಿದರು. ಆ ವರ್ಷ ಲಕ್ಷದ್ವೀಪದ ಹವಳಗಳೂ ಬಿಳಿಚಿದವು. ಅಲ್ಲಿ ಯಾವ ಗೆರೆಯನ್ನೂ ಬೆರಳಿಂದ ಕೆಳಗೆ ಎಳೆಯೋಕೆ ಬರಲ್ಲ.

ನಮ್ಮ ತೋಟದ ಆ ಮೂಲೆಯ ಬಳ್ಳಿಗಳಲ್ಲಿ ಈ ಸಲ ಚಿಗುರು ಬಂದಿದೆ. ಗೊಂಚಲು ಎಷ್ಟು ನಿಲ್ಲುತ್ತೆ ಅನ್ನೋದು ಕೊಯ್ಲಿಗೇ ಗೊತ್ತಾಗಬೇಕು. ನಾನು ದಿನಾ ಫೋನು ಹಿಡ್ಕೊಂಡು ಹೋಗಿ ನೋಡ್ತೀನಿ. ಅಪ್ಪ ನಗ್ತಾರೆ, "ಅದ್ನ ಬೆಳಿಯಲೆ ಬಿಡು ತಮಾ" ಅಂತಾರೆ.

ನಿಮ್ಮ ಮನೆಯಲ್ಲೂ ಇವತ್ತು ಒಂದು ಕೆಲಸ ಮಾಡಿ. ಕಿಟಕಿ ಪಕ್ಕದ ಕುಂಡ, ಮೂಲೆಯ ಕುಂಡ, ಎರಡರ ಹತ್ತಿರವೂ ಫೋನಿಟ್ಟು ಬೆಳಕು ಅಳೆದು ನೋಡಿ. ಎಷ್ಟು ಪಟ್ಟು ವ್ಯತ್ಯಾಸ ಬಂತು ಅಂತ ನನಗೆ ಬರೀರಿ.